ಆ ದಿನ ಊರಲ್ಲಿರುವುದಿಲ್ಲ

ಕೊಯ್ವುಮ್ಯಾಕಿ
ಅಕ್ಟೋಬರ್ 17, ಮಂಗಳವಾರ

ಮಾರ್ಕೆಟಿಂಗ್ ಪದವೀಧರೆಯೂ ಜಾಹೀರಾತು ವಿಭಾಗದ ಹೊಸ ರತ್ನವೂ ಆದ ನನ್ನ ಮಗಳು ಪಿನ್ಯಾಳಿಗೆ,

ನಿನ್ನಮ್ಮ ಕ್ಷೇಮ. ನೀನೂ ಹಡಗಿನಿಂದ ಕ್ಷೇಮವಾಗಿ ಇಳಿದಿದ್ದೀ ಎಂದುಕೊಂಡಿದ್ದೇನೆ. ಫೋನ್ ಮಾಡಿದರೆ ನೀನು ನಡುನಡುವೆ ಬಾಯಿ ಹಾಕುತ್ತೀ, ಆಮೇಲೆ ಅಳುತ್ತೀ, ಕೊನೆಗೆ ನಾನೇ ಸಮಾಧಾನ ಮಾಡಬೇಕಾಗುತ್ತದೆ. ಅದಕ್ಕೇ ಈ ಕಾಗದ. ಪೂರ್ತಿ ಓದು, ಅರ್ಧಕ್ಕೆ ಮಡಚಿಡಬೇಡ.

ನಿನಗೆ ಕೆಲಸ ಸಿಕ್ಕಿತು ಎಂದಾಗ ನಮ್ಮ ಹಲ್ಲಿನ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಕಾಫಿ ಕೊಡಿಸಿದವಳು ನಾನು. ಪತ್ರಿಕೆಯ ಕೆಲಸ ಎಂದೆ, ಡೆಂಟಿಸ್ಟ್ ಕೂಡ ಕೈಕುಲುಕಿದರು. ನೀನು ಮಾಡುವುದೇನು ಎಂದು ಗೊತ್ತಾಗಿದ್ದು ಆಗಸ್ಟಿನಲ್ಲಿ ನೀನು ಮನೆಗೆ ಬಂದಾಗ. ಐವತ್ತು, ಅರವತ್ತು, ಎಪ್ಪತ್ತು ತುಂಬಲಿರುವವರ ಮನೆಗೆ ಫೋನ್ ಮಾಡುವುದು, ಹುಟ್ಟುಹಬ್ಬದ ದಿನ ಊರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತದೆಂದು ಹೆದರಿಸುವುದು, 'ಆ ದಿನ ಊರಲ್ಲಿರುವುದಿಲ್ಲ' ಎಂಬ ಪುಟ್ಟ ಪ್ರಕಟಣೆಯನ್ನು ಅವರಿಂದ ಹಾಕಿಸುವುದು. ನನ್ನ ಅಡುಗೆಮನೆಯಲ್ಲೇ ಕೂತು ನಿನ್ನ ಬಾಸ್ ಯಾರ್ಕೊ ಹೇಳಿಕೊಟ್ಟ ಪಾಠ ಒಪ್ಪಿಸಿದೆಯಲ್ಲ: "ಅಮ್ಮಾ, ನಾವು ಜಾಹೀರಾತು ಮಾರಲ್ಲ, ನೆಮ್ಮದಿ ಮಾರ್ತೀವಿ." ಥೂ! ಇದನ್ನು ಕಲಿಯಲು ಕಾಲೇಜಿಗೆ ಹೋಗಬೇಕಿತ್ತೇ? ನಿನ್ನ ಪ್ರಬಂಧದ ಹೆಸರೇನು, 'ಗ್ರಾಹಕನ ಮನಸ್ಸನ್ನು ಓದುವುದು' ಅಲ್ಲವೇ? ಭಲೇ ಓದಿದೆ.

ಆ ಯಾರ್ಕೊನನ್ನು ಒಮ್ಮೆ ನೋಡಿದ್ದೇನೆ. ಹಲ್ಲು ಬೆಳ್ಳಗೆ ಮಾಡಿಸಿಕೊಂಡು, ಸಾಕ್ಸ್ ಹಾಕದೆ ಶೂ ಮೆಟ್ಟಿ ಓಡಾಡುವ ಗಂಡಸು. ಇಲ್ಲಿಯ ಚಳಿಯಲ್ಲಿ! ನಲವತ್ತು ದಾಟಿದವನನ್ನು ನೀವೆಲ್ಲ 'ಕೋಚ್' ಎಂದು ಕರೆಯುವುದು ಕೇಳಿ ನನಗೇ ನಾಚಿಕೆಯಾಯಿತು. ನಿನ್ನ ಪ್ರೊಬೇಷನ್ ಅವಧಿ ಮುಗಿದ ಮೇಲೆ ನಿನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವವನು ಇಂಥವನು.

ಅವನನ್ನು ಮೆಚ್ಚಿಸಲು ನೀನೊಂದು ಇಡೀ ಪುಟವನ್ನೇ ಹುಟ್ಟಿಸಿದೆ. ಊರಲ್ಲಿರದವರ ಪ್ರಕಟಣೆಗಳೆಲ್ಲ ಒಂದೇ ಕಡೆ, ಹಿಂದೆ ಸಮುದ್ರದ ಚಿತ್ರ, ಕೆಳಗೆ ಹಡಗು ಕಂಪನಿಯ ದೊಡ್ಡ ಜಾಹೀರಾತು. ಈ ಪುಟ ಗೆದ್ದರೆ ಕೆಲಸ ಖಾಯಂ ಎಂದಿದ್ದೆ. ಸರಿ, ಒಳ್ಳೆಯದಾಗಲಿ ಎಂದು ನಾನೂ ಹಾರೈಸಿದೆ. ಪುಟದ ಮೂಲೆಯಲ್ಲಿ ಒಂದು ಜಾಗ ಖಾಲಿ ಉಳಿದರೆ ಹೆತ್ತ ತಾಯಿಯನ್ನೇ ಊರಲ್ಲಿರದವಳೆಂದು ಅಲ್ಲಿ ತುಂಬುತ್ತೀ ಎಂದು ನನಗೇನು ಗೊತ್ತು?

ಬೇಸಗೆ ಹಬ್ಬದಲ್ಲಿ ನಾನು "ನಂಗೆ ಯಾವ ಸತ್ಕಾರನೂ ಬೇಡಪ್ಪಾ, ಅರವತ್ತಾದ್ರೆ ಅದೇನು ಮಹಾ" ಎಂದಿದ್ದು ನಿಜ. ಅದನ್ನು ಇಲ್ಲಿ ಯಾರು ಹೇಳುವುದಿಲ್ಲ? ನನ್ನಮ್ಮ ಹೇಳಿದ್ದಳು, ಆಮೇಲೆ ವಾರಗಟ್ಟಲೆ ಬೇಕಿಂಗ್ ಮಾಡಿದ್ದಳು. ನಿನ್ನಜ್ಜ ಹೇಳಿದ್ದ, ಆ ದಿನ ಬೆಳಗ್ಗೆ ಹೊಸ ಅಂಗಿ ಹಾಕಿಕೊಂಡು ಕಿಟಕಿ ಪಕ್ಕ ಕೂತಿದ್ದ. ಬೇಡ ಎನ್ನಬೇಕು, ಮನೆ ತೊಳೆದಿಟ್ಟುಕೊಳ್ಳಬೇಕು, ಕರೆಯದೆ ಬಂದವರಿಗೆ ಕಾಫಿ ಸುರಿಯಬೇಕು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವಳು ನೀನು. ಬೇಡ ಎಂದರೆ ಬೇಡ ಎಂದು ಅರ್ಥ ಮಾಡಿಕೊಂಡೆಯಲ್ಲ, ನಿನ್ನ ಬುದ್ಧಿಗೆ ಏನನ್ನಬೇಕು!

ಶನಿವಾರದ, ನನ್ನ ಅರವತ್ತರ ದಿನದ ಕಥೆ ಹೇಳುತ್ತೇನೆ, ಕೇಳು. ಪೇಪರ್ ಬಂದದ್ದು ಗುರುವಾರ, ಆದರೆ ಬೇಕಿಂಗ್ ಗಡಿಬಿಡಿಯಲ್ಲಿ ಓದಲು ನನಗೆಲ್ಲಿ ಪುರಸೊತ್ತು? ಏಲಕ್ಕಿ ಬನ್ನು ಮಾಡಿದೆ, ಮೇಲೆ ಸಾಲ್ಮನ್ ಮೀನು ಹಾಸಿದ ಬ್ರೆಡ್ ಕೇಕ್ ಮಾಡಿದೆ, ಸಿಹಿ ಕೇಕು ಬೇರೆ. ಅಜ್ಜಿಯ ಕಪ್ಪುಗಳನ್ನೆಲ್ಲ ಇಳಿಸಿ ತೊಳೆದೆ. ನೀಲಿ ಉಡುಪು ಹಾಕಿಕೊಂಡೆ, ಲಿಪ್‌ಸ್ಟಿಕ್ ಕೂಡ. ಈ ಊರಿನ ಅರ್ಧ ಜನ ಡೆಂಟಿಸ್ಟ್ ಕುರ್ಚಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡವರೇ. ಬರದೆ ಇರುತ್ತಾರೆಯೇ?

ಬರಲಿಲ್ಲ. ಒಬ್ಬರೂ ಬರಲಿಲ್ಲ. ಕಾಫಿ ಆರಿತು, ಚೆಲ್ಲಿ ಬೇರೆ ಮಾಡಿದೆ, ಅದೂ ಆರಿತು. ಎದುರುಮನೆಯವರು ನಾಯಿ ಕರೆದುಕೊಂಡು ನಮ್ಮ ಬೇಲಿಯ ಪಕ್ಕದಲ್ಲೇ ಹೋದರು, ತಲೆ ಎತ್ತಿಯೂ ನೋಡಲಿಲ್ಲ. ಊರಲ್ಲಿಲ್ಲದವಳ ಕಿಟಕಿಯತ್ತ ಇಣುಕುವುದು ಮರ್ಯಾದೆಯಲ್ಲವಲ್ಲ!

ಮಧ್ಯಾಹ್ನ ನಿನ್ನ ಮೆಸೇಜು ಬಂತು. "ಅಮ್ಮಾ ಹ್ಯಾಪಿ ಬರ್ತ್‌ಡೇ!! ಪೇಪರ್ ನೋಡಿದ್ಯಾ? ಅದೇ ನನ್ ಗಿಫ್ಟು. ಯಾರ ಕಾಟಾನೂ ಇಲ್ದೆ ಆರಾಮಾಗಿರು." ಜೊತೆಗೆ ಹಡಗಿನ ಮೇಲಿನ ಫೋಟೋ. ಪುಟ ಗೆದ್ದ ಖುಷಿಗೆ ಕೋಚ್ ನಿಮ್ಮನ್ನೆಲ್ಲ ವಿಹಾರಕ್ಕೆ ಕರೆದುಕೊಂಡು ಹೋಗಿದ್ದನಲ್ಲ. ನಿನ್ನ ಕೈಯಲ್ಲೊಂದು ಗ್ಲಾಸು, ತಲೆಯ ಮೇಲೆ ಕಾಗದದ ಟೋಪಿ. ಊರಲ್ಲಿಲ್ಲದಿದ್ದವಳು ನೀನು ಕಣೇ, ನಾನಲ್ಲ!

ಆಮೇಲೆ ಬಾಗಿಲಲ್ಲಿ ಬೀಗದ ಕೈ ತಿರುಗುವ ಸದ್ದಾಯಿತು. ಬಂದವನು ನಿನ್ನಪ್ಪ. ನಾನೇ ಮನೆಯಿಂದ ಆಚೆ ಕಳಿಸಿದ ಆ ಇಲ್ಪೊ, ಇನ್ನೂ ಹಳೆಯ ಬೀಗದ ಕೈ ಇಟ್ಟುಕೊಂಡಿದ್ದಾನೆ, ನಾಚಿಕೆಗೆಟ್ಟವನು! ನನ್ನ ನೀಲಿ ಉಡುಪು, ಮೇಜಿನ ತುಂಬ ಕಪ್ಪುಗಳು, ಎಲ್ಲ ನೋಡಿ ಕಳ್ಳನ ಹಾಗೆ ನಿಂತುಬಿಟ್ಟ.

"ನೀನು... ಮನೇಲೇ ಇದ್ದೀಯ?"

"ಇನ್ನೆಲ್ಲಿರ್ಲಿ? ನೀನ್ಯಾಕೆ ಬಂದೆ?"

"ಪೇಪರ್‌ನಲ್ಲಿ ಊರಲ್ಲಿಲ್ಲ ಅಂತ ಇತ್ತು. ಗಿಡಕ್ಕೆ ನೀರು ಹಾಕೋಣ ಅಂತ ಬಂದೆ."

ಅರವತ್ತನೇ ಹುಟ್ಟುಹಬ್ಬಕ್ಕೆ ನನಗೆ ಸಿಕ್ಕ ಅತಿಥಿ ಇವನು. ಅದೂ ನಾನಿಲ್ಲ ಎಂದುಕೊಂಡು ಬಂದವನು. ಬೈದು ಕಳಿಸಬೇಕೆಂದಿದ್ದೆ, ಅಷ್ಟರಲ್ಲಿ ಅವನು ಕೋಟು ಬಿಚ್ಚಿ, ಕೈ ತೊಳೆದುಕೊಂಡು ಬಂದು, "ಹಾಗಾದ್ರೆ ಶುಭಾಶಯ ಕಣೇ ರೈಯಾ" ಎಂದು ಕೈ ಮುಂದೆ ಚಾಚಿದ. ಮೀನಿನ ಕೇಕು ತಿಂದ, ಸಿಹಿ ಕೇಕು ತಿಂದ, ಮತ್ತೆ ಮೀನಿನ ಕೇಕಿಗೇ ಬಂದ. ಹೋಗುವಾಗ ಗಿಡಗಳಿಗೂ ನೀರು ಹಾಕಿದ. ಅವು ಹಿಂದಿನ ದಿನದ ನೀರಿನಲ್ಲೇ ತೇಲುತ್ತಿದ್ದವು, ಸುಮ್ಮನೆ ಬಿಟ್ಟೆ. ಇದರಿಂದ ನೀನು ಏನೇನೋ ಕಲ್ಪಿಸಿಕೊಳ್ಳುವ ಅಗತ್ಯವಿಲ್ಲ. ಬೀಗದ ಕೈ ಕಿತ್ತುಕೊಳ್ಳಲು ಮರೆತೆ, ಅಷ್ಟೇ.

ಸೋಮವಾರ ಅಂಗಡಿಯಲ್ಲಿ ಕ್ಯಾಶಿನ ಸೆಯ್ಯಾ ಹಿಡಿದುಕೊಂಡಳು. "ಬಂದ್ಬಿಟ್ಯಾ ರೈಯಾ! ನಾವೆಲ್ಲ ಸೇರಿ ಹೂವು ತಗೊಂಡಿದ್ವಿ ಕಣೇ, ಪೇಪರ್ ನೋಡಿ ಸುಮ್ನಾದ್ವಿ. ನಮ್ಗೂ ಒಂದು ಮಾತು ಹೇಳದೆ ಹೋಗ್ಬಿಟ್ಯಲ್ಲ, ನಾವೇನು ನಿನ್ ಕೇಕು ತಿಂದು ಖಾಲಿ ಮಾಡ್ತಿದ್ವಾ?" ನಗುತ್ತಲೇ ಅಂದಳು, ಆದರೆ ಅವಳಿಗೆ ಬೇಜಾರಾಗಿತ್ತು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಕಿವಿ ನಿಮಿರಿಸಿದ್ದರು.

ಒಂದು ಮಾತು ಸಾಕಿತ್ತು, ಪಿನ್ಯಾ. ನಾನು ಎಲ್ಲಿಗೂ ಹೋಗಿರಲಿಲ್ಲ, ಪೇಪರಿನವರು ನನ್ನನ್ನು ಕೇಳದೆ ಹಾಕಿದ್ದಾರೆ ಎಂದಿದ್ದರೆ ಸಾಯಂಕಾಲದೊಳಗೆ ಊರೆಲ್ಲ ನನ್ನ ಮನೆಯಲ್ಲಿರುತ್ತಿತ್ತು. ಅದೇ ಸಾಯಂಕಾಲ ಯಾರಾದರೂ ನಿಮ್ಮ ಆಫೀಸಿಗೂ ಫೋನ್ ಮಾಡುತ್ತಿದ್ದರು. ಸಾಕ್ಸ್ ಇಲ್ಲದ ಆ ಕೋಚ್ ತಪ್ಪನ್ನು ನಿನ್ನ ತಲೆಗೆ ಕಟ್ಟಿ, ಪುಟವನ್ನು ತಾನಿಟ್ಟುಕೊಂಡು, ನಿನ್ನನ್ನು ಬೀದಿಗೆ ಕಳಿಸುತ್ತಿದ್ದ. ಅಂಥವರನ್ನು ನಾನು ಬಲ್ಲೆ.

"ಹಡಗಿನಲ್ಲಿ ತಾಲಿನ್‌ಗೆ ಹೋಗಿದ್ದೆ" ಎಂದೆ. "ಚೆನ್ನಾಗಿತ್ತು. ಗಾಳಿ ಸ್ವಲ್ಪ ಜಾಸ್ತಿ." ಸೆಯ್ಯಾ ಫೋಟೋ ತೋರಿಸು ಎಂದಳು. ಫೋನು ಮನೆಯಲ್ಲಿದೆ ಎಂದೆ. ಕೋಟಿನ ಜೇಬಿನಲ್ಲಿ ಅದು ಅದೇ ಹೊತ್ತಿಗೆ ಬಡಿದುಕೊಂಡಿತು. ಈ ವಯಸ್ಸಿನಲ್ಲಿ, ಇಡೀ ಸಾಲಿನ ಎದುರು, ಮುಖ ಕೆಂಪಾಗಿಸಿಕೊಂಡು ಸುಳ್ಳಿ ಎನಿಸಿಕೊಂಡೆ. ಜಿಪುಣಿ ಎಂದೂ ಅಂದುಕೊಂಡಿರಬೇಕು, ಕಾಫಿ ಉಳಿಸಲು ಊರು ಬಿಟ್ಟಳು ಎಂದು.

ಆದ್ದರಿಂದ ನಿನ್ನ ಪುಟದಲ್ಲಿ ಸುಳ್ಳಿಲ್ಲ ಎಂದು ನಿನ್ನ ಬಾಸ್‌ಗೆ ಧೈರ್ಯವಾಗಿ ಹೇಳು. ಇನ್ನು ಯಾರದಾದರೂ ಮನೆಗೆ ಫೋನ್ ಮಾಡುವಾಗ ಮೊದಲು ಹೇಗಿದ್ದೀರಿ ಎಂದು ಕೇಳು, ಆಮೇಲೆ ಹೆದರಿಸು. ಕೇಕಿನ ಅರ್ಧ ಫ್ರೀಜರಿನಲ್ಲಿದೆ, ಬೇಕಿದ್ದರೆ ಬಂದು ತಿನ್ನು.

ಇಂತು, ಪ್ರವಾಸ ಮುಗಿಸಿ ಬಂದ
ನಿನ್ನಮ್ಮ ರೈಯಾ

ತಾ.ಕ.: ಪುರಸೊತ್ತಿರಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಗುರುವಾರ ಬೆಳಗ್ಗೆಯೇ ಪೇಪರ್ ನೋಡಿದ್ದೆ. ಎರಡು ದಿನ ಇತ್ತು, ಊರಿಗೆಲ್ಲ ಫೋನ್ ಮಾಡಿ ಹೇಳಬಹುದಿತ್ತು. ಮಾಡಲಿಲ್ಲ. ಕಾಫಿ ಇಟ್ಟದ್ದು ಊರಿನವರಿಗಲ್ಲ. ಯಾರು ನಂಬಿದರೂ, ಆ ಪ್ರಕಟಣೆ ಬರೆದವಳಿಗಾದರೂ ನಾನು ಮನೆಯಲ್ಲೇ ಇರುತ್ತೇನೆಂದು ಗೊತ್ತಲ್ಲ ಎಂದುಕೊಂಡಿದ್ದೆ.