ಕಂಬಳಿ ಕೆಳಗಿನ ಒಪ್ಪಿಗೆ

ಗುಲಬರ್ಗಾ
ಪುಷ್ಯ ಬಹುಳ ಪಂಚಮಿ, ಫಸಲಿ ೧೩೩೩

ಚಿ. ಸೌ. ಮಥುರೆಗೆ,

ನೀನು ಹೊರಡುವಾಗ ಅಂದ ಮಾತು ಇನ್ನೂ ಕಿವಿಯಲ್ಲಿದೆ. ಅಥವಾ ನೀನು ಹಾಗೆ ಹೇಳಿರಲಿಕ್ಕೂ ಇಲ್ಲ. ಟಾಂಗಾ ಹೊರಟಿತ್ತು, ಗಾಲಿಯ ಸದ್ದಿನಲ್ಲಿ ನನಗೆ ಕೇಳಿಸಿದ್ದು ಅರ್ಧ: "ಅಪ್ಪಾ, ನೀವು ಮಂದೀ ಮಾತೆಲ್ಲಾ ತಿರುವಿ ಹೇಳ್ತೀರಿ, ನಿಮ್ಮ ಮಾತು..." ಉಳಿದದ್ದು ಸ್ಟೇಷನ್ ದಾರಿಯ ಧೂಳಿನಲ್ಲಿ ಹೋಯಿತು. ಸೊಲ್ಲಾಪುರ ಮುಟ್ಟಿದ ಮೇಲೆ ನೀನು ಬರೆದ ಕಾಗದಗಳಲ್ಲಿ ಆ ಸುದ್ದಿಯಿಲ್ಲ. ನಾನೂ ಕೇಳಲಿಲ್ಲ, ಕಾಗದಗಳಿಗೆ ಉತ್ತರವನ್ನೂ ಬರೆಯಲಿಲ್ಲ. ಸಿಟ್ಟಾಗಬೇಡ. ಕಚೇರಿಯಲ್ಲಿ ಒಂದು ತಕರಾರು ನಡೆದಿತ್ತು. ಅದರಲ್ಲಿ ನನ್ನದೂ ಒಂದು ತಪ್ಪಿತ್ತು. ಅದು ಒಂದು ಕಡೆ ಹತ್ತುವವರೆಗೆ ಬೇರೆ ಯಾವ ಕಾಗದಕ್ಕೂ ಮನಸ್ಸು ಬರಲಿಲ್ಲ. ಈಗ ಮುಗಿದಿದೆ. ಎಷ್ಟು ಹಗುರಾಗಿದೆ ಎಂದರೆ, ನಿನ್ನೆ ಕೋಟೆಯ ಕಂದಕದ ಪಕ್ಕದ ದಾರಿಯಲ್ಲಿ ಕೊಡೆ ಮರೆತು ಬಂದವನು ಅದಕ್ಕಾಗಿ ವಾಪಸು ಹೋಗಲಿಲ್ಲ.

ನನ್ನ ಕೆಮ್ಮು ಹೋಗಿದೆ. ನೀನು ನೆಟ್ಟುಹೋದ ತುಳಸಿ ಚಿಗುರಿದೆ. ಅಡಿಗೆಗೆ ಬರುವ ಶಿವಕಾಂತಮ್ಮ ನಿನ್ನನ್ನು ದಿನವೂ ನೆನೆಯುತ್ತಾಳೆ, ಮುಖ್ಯವಾಗಿ ಸಾರಿಗೆ ಉಪ್ಪು ಮರೆತ ದಿನ.

ಆ ತಕರಾರಿನ ವಿಷಯ ನಿನಗೆ ಬರೆಯಬೇಕು. ಏಕೆಂದರೆ ಅದು ನಿನ್ನ ಅಜ್ಜನ ಊರಿನದು, ನಿನ್ನ ಅವ್ವನ ತವರಿನದು. ಕಮಲಾಪುರದಲ್ಲಿ ಎಳ್ಳಮವಾಸ್ಯೆಯ ಮರುದಿನದಿಂದ ಎತ್ತಿನ ಸಂತೆ ಕೂಡುತ್ತದೆ. ಅಜ್ಜನ ಮನೆಯ ಹಿತ್ತಿಲ ಗೋಡೆಯ ಆಚೆ ಇರುವ ಬೀಳು ಹೊಲವೇ ಅದರ ಜಾಗ. ಸಂತೆ ಎದ್ದ ಮೇಲೆ ಅಲ್ಲಿ ಒಂದು ಗೂಟವೂ ಉಳಿಯುವುದಿಲ್ಲ. ಹೊಲ ಕಾಶಿರಾಯ ಎಂಬ ರೈತನದು. ಸಂತೆಯ ಯಜಮಾನಿಕೆ ಧರ್ಮಣ್ಣ ಎಂಬವನ ಮನೆತನದ್ದು; ಎತ್ತುಗಳನ್ನು ಎಲ್ಲಿ ಕಟ್ಟಬೇಕು, ನೀರಿನ ಸರದಿ ಯಾರದು, ಜಗಳ ಬಿದ್ದರೆ ತಪ್ಪು ಯಾರದು, ಇವೆಲ್ಲ ಅವರು ಹೇಳಿದಂತೆ. ಧರ್ಮಣ್ಣ ತೀರಿಕೊಂಡ ಮೇಲೆ ಆ ಕೆಲಸ ಅವನ ಹೆಂಡತಿ ದುಂಡಮ್ಮನ ಪಾಲಿಗೆ ಬಂತು. ಎತ್ತರದ ಹೆಂಗಸು, ಕಿವಿ ಸ್ವಲ್ಪ ಮಂದ. ಹಾಗಾಗಿ ಎಲ್ಲರೊಡನೆಯೂ ಹೊಲದ ಆ ಬದುವಿನಲ್ಲಿ ನಿಂತವರನ್ನು ಕರೆಯುವಂತೆ ಮಾತಾಡುತ್ತಾಳೆ.

ಎತ್ತಿನ ವ್ಯಾಪಾರ ಹೇಗೆ ನಡೆಯುತ್ತದೆಂದು ನೀನು ಕೇಳಿರಬೇಕು. ಕೊಳ್ಳುವವನೂ ಮಾರುವವನೂ ಒಂದು ಬಟ್ಟೆಯ ಕೆಳಗೆ ಕೈ ಸೇರಿಸಿ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಕಮಲಾಪುರದವರು ಸಂತೆಗೆ ಹೊಲ ಕೇಳುವುದೂ ಹಾಗೆಯೇ. ದೀಪಾವಳಿ ಪಾಡ್ಯದ ದಿನ ಹೊಲದವನೂ ಸಂತೆಯ ಯಜಮಾನನೂ ಎದುರು ಬದುರು ಕೂತು ಕೈಗಳ ಮೇಲೆ ಕಂಬಳಿ ಹಾಕಿಕೊಳ್ಳುತ್ತಾರೆ. ಕೇಳುವವರ ಕೈ ಕೆಳಗೆ, ಕೊಡುವವರ ಕೈ ಮೇಲೆ. ಹೊಲದವನು ಒತ್ತಿದ ಬೆರಳೆಷ್ಟೋ ಸಂತೆ ಅಷ್ಟು ದಿನ. ಬೆರಳು ಬಿಟ್ಟು ಇಡೀ ಅಂಗೈ ಇಟ್ಟರೆ, ಮುಗಿಯುವವರೆಗೂ ಇರಿ ಎಂದು. ಬಾಯಿಂದ ಯಾರೂ ಏನೂ ಅನ್ನುವುದಿಲ್ಲ. ಬಾಡಿಗೆಯೂ ಇಲ್ಲ, ಸಂತೆಯ ಸಗಣಿಯೆಲ್ಲ ಹೊಲಕ್ಕೆ ಬೀಳುತ್ತದೆ, ಅದೇ ಬಾಡಿಗೆ.

ಈಗ ಇಂಥ ತಾತ್ಕಾಲಿಕ ಸಂತೆಗಳಿಗೆಲ್ಲ ಸರಕಾರದ ಪರವಾನಗಿ ಬೇಕು, ಹೊಲದವನ ಒಪ್ಪಿಗೆಯನ್ನು ಅರ್ಜಿಯಲ್ಲಿ ತೋರಿಸಬೇಕು ಎಂದು ಹುಕುಂ ಬಂದಿದೆ. ದುಂಡಮ್ಮ ಬಂದು ಅರ್ಜಿ ಹೇಳಿದಳು. ಉರ್ದುವಿಗೆ ತಿರುಗಿಸಿದವನು ನಾನು. "ಕಾಶಿರಾಯ ಪೂರಾ ಅಂಗೈ ಇಟ್ಟಾನ್ರೀ" ಎಂದಳು. ಕಚೇರಿಯ ಭಾಷೆಯಲ್ಲಿ ಒಪ್ಪಿಗೆಗೆ ಎರಡೇ ರೂಪ, ಬರೆದದ್ದು ಇಲ್ಲವೇ ಬಾಯಿಂದ ಹೇಳಿದ್ದು. ಕೈಯಿಂದ ಕೊಟ್ಟದ್ದಕ್ಕೆ ಜಾಗವಿರಲಿಲ್ಲ. ನಾನು ‘ಜುಬಾನಿ ಇಜಾಜತ್’ ಎಂದು ಬರೆದೆ, ಬಾಯಿಮಾತಿನ ಒಪ್ಪಿಗೆ. ಬರೆಯುವಾಗ ಲೇಖನಿ ಸ್ವಲ್ಪವೂ ತಡವರಿಸಲಿಲ್ಲ. ಪರವಾನಗಿ ಸಿಕ್ಕಿತು.

ಎಳ್ಳಮವಾಸ್ಯೆ ಹತ್ತಿರ ಬಂದಾಗ ಕಾಶಿರಾಯನಿಂದ ತಕರಾರು ಬಂತು: ನಾನು ಬಾಯಿಂದ ಒಪ್ಪಿಗೆ ಹೇಳಿಲ್ಲ, ಅರ್ಜಿ ಸುಳ್ಳು. ಸಂತೆಯನ್ನು ನಂದೂರಿನ ಬಯಲಿಗೆ ಎಳೆದುಕೊಳ್ಳಬೇಕೆಂದಿದ್ದ ಯಾರೋ ದಲಾಲಿ ಅವನ ಕಿವಿಯಲ್ಲಿ ಊದಿದ್ದಾನೆಂದು ಕಚೇರಿಯಲ್ಲಿ ಅಂದುಕೊಂಡರು. ಅಷ್ಟು ಹೊತ್ತಿಗೆ ದೂರದೂರದ ಎತ್ತುಗಳು ಮಹಾಗಾಂವದವರೆಗೆ ಬಂದು ಪೊಲೀಸರ ಮಾತಿಗೆ ಅಲ್ಲೇ ನಿಂತಿದ್ದವು. ಅರ್ಜಿ ಸುಳ್ಳೆಂದು ತೀರ್ಮಾನವಾದರೆ ಅವು ಬಂದ ದಾರಿಯಲ್ಲೇ ತಿರುಗಬೇಕು, ಕಮಲಾಪುರದ ಸಂತೆ ಅಲ್ಲಿಗೆ ತೀರಿತು. ಸುಳ್ಳು ಅರ್ಜಿ ಕೊಟ್ಟಳೆಂದು ದುಂಡಮ್ಮನ ಮೇಲೆ ಬೇರೆ ಮೊಕದ್ದಮೆ. ಆ ಸುಳ್ಳು ಶಬ್ದ ನನ್ನದು, ಅದರ ಕೆಳಗಿನ ಹೆಬ್ಬೆಟ್ಟು ಅವಳದು. ನಾನು ಊಟ ಮಾಡುತ್ತಿದ್ದೆ, ನಿದ್ದೆಯನ್ನೂ ಮಾಡುತ್ತಿದ್ದೆ. ಆದರೆ ಎರಡನ್ನೂ ಬೇರೆ ಯಾರ ಪರವಾಗಿಯೋ ಮಾಡುತ್ತಿದ್ದಂತಿತ್ತು.

ವಿಚಾರಣೆಗೆ ಕರೆದ ಪೇಶಿಯ ದಿನ ಕಾಶಿರಾಯ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ದುಂಡಮ್ಮ ಬಾಗಿಲಲ್ಲೇ ಅವನನ್ನು ಹಿಡಿದಳು.

"ರುಮಾಲ ಚಂದ ಐತಲ್ಲೋ ಕಾಶಿ. ಯಾರ ಮದುವಿ?"

ಅವನು ನೆಲ ನೋಡಿದ.

ತೀರ್ಪು ಕೊಡುವ ಹಾಕಿಮರು ಹೈದರಾಬಾದಿನಿಂದ ಹೊಸದಾಗಿ ಬಂದವರು. ಕನ್ನಡ ಬಾರದು. ಇಬ್ಬರ ನಡುವೆ ನಿಂತು ಮಾತು ಸಾಗಿಸುವುದು ನನ್ನ ಕೆಲಸ.

"ದೇವರಾಣಿ ರೀ, ನಾ ಬಾಯಿ ಬಿಟ್ಟು ಹ್ಞೂಂ ಅಂದಿಲ್ಲ," ಎಂದ ಕಾಶಿರಾಯ.

"ನಿನ್ನ ಬಾಯಿ ಸುದ್ದಿ ಯಾರ ಕೇಳ್ಯಾರ? ಕೈ ಏನ್ ಮಾಡ್ತು, ಅದನ್ನ ಹೇಳು!"

"ಕೈ ಸುದ್ದಿ ಅರ್ಜಿಯೊಳಗ ಇಲ್ಲ."

ಅದು ನಿಜ. ಹಾಕಿಮರು ನನ್ನ ಕಡೆ ತಿರುಗಿ ಈ ಹೆಂಗಸು ಏನು ಹೇಳುತ್ತಿದ್ದಾಳೆಂದು ಕೇಳಿದರು. ಕಂಬಳಿಯ ಪದ್ಧತಿಯನ್ನೆಲ್ಲ ವಿವರಿಸಿದೆ. ಅವರು ಅರ್ಜಿಯ ಮೇಲೆ ಬೆರಳಿಟ್ಟರು. "ಹಾಗಾದರೆ ಇಲ್ಲಿ ‘ಜುಬಾನಿ’ ಎಂದು ಬರೆದವರು ಯಾರು?"

"ನಾನು, ಹುಜೂರ್."

ಹೇಳಿಕೆ ಬರೆದುಕೊಳ್ಳುತ್ತಿದ್ದ ಪೇಶ್ಕಾರರ ಲೇಖನಿ ನಿಂತಿತು. ಹಾಕಿಮರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಯ್ಯುತ್ತಾರೆಂದುಕೊಂಡೆ. "ದಿಖಾಯೇ," ಎಂದರು. ಆವತ್ತು ಏನು ಮಾಡಿದರೋ ಅದನ್ನು ಇಲ್ಲಿ ಮಾಡಿ ತೋರಿಸಲಿ, ಇಬ್ಬರೂ.

ಕಂಬಳಿ ಎಲ್ಲಿಂದ ತರುವುದು? ಜವಾನ ಜಹಾಂಗೀರ್ ಮುಂದೆ ಬಂದು, ಮಸಿಯ ದೌತಿ ಎತ್ತಿಟ್ಟು, ಮೇಜಿನ ಮೇಲಿನ ಹಸಿರು ಬಟ್ಟೆಯನ್ನೇ ಸರಕ್ಕನೆ ಎಳೆದ. "ಏ ಚಲತಾ ಕ್ಯಾ ಹುಜೂರ್?" ಎಂದು, ಇದು ನಡೆದೀತೇ ಎಂದು ಕೇಳಿದ್ದು ಎಳೆದ ಮೇಲೆ.

"ಹಸರು ಬಟ್ಟಿ ಹಾಸಬ್ಯಾಡೋ ಮಾರಾಯಾ," ಎಂದಳು ದುಂಡಮ್ಮ, "ಮಹಾಗಾಂವದಾಗ ನಿಂತ ಎತ್ತೆಲ್ಲಾ ಮೇಯಾಕ ಇಲ್ಲೇ ಬಂದಾವು."

ಪೊಲೀಸಿನವನೂ ನಕ್ಕ. ಕಾಶಿರಾಯ ಮಾತ್ರ ನಗಲಿಲ್ಲ. ಇಬ್ಬರೂ ನೆಲದ ಮೇಲೆ ಎದುರು ಬದುರು ಕೂತರು. ದುಂಡಮ್ಮ ಕೈ ಚಾಚಿದಳು, ಅಂಗೈ ಮೇಲು ಮಾಡಿ. ಅವನು ತನ್ನ ಕೈಯನ್ನು ಅದರ ಮೇಲಿಡಲು ತಡ ಮಾಡಿದ.

"ಸುಳ್ಳ ಹೇಳೂದಾದ್ರ ಬಾಯೀಲೆ ಹೇಳಿಬಿಡು ಕಾಶಿ," ಎಂದಳು. ಈ ಮಾತನ್ನು ಮಾತ್ರ ಮೆಲ್ಲಗೆ ಅಂದಳು. "ಕೈಲೆ ಹೇಳಬ್ಯಾಡ."

ಜಹಾಂಗೀರ್ ಬಟ್ಟೆ ಹೊದಿಸಿದ. ಆಮೇಲೆ ಏನೂ ಆಗಲಿಲ್ಲ. ಹಸಿರು ಬಟ್ಟೆಯ ನಡುವೆ ಒಂದು ಸಣ್ಣ ದಿಬ್ಬ, ಅದರ ಪಕ್ಕದಲ್ಲಿ ಹಳೆಯ ಮಸಿಯ ಕಲೆ. ಹೊರಗೆ ಯಾರದೋ ಕುದುರೆ ಸೀನಿತು. ದಿಬ್ಬ ಒಮ್ಮೆ ಕದಲಿತು. ಹಾಕಿಮರು ತಾಳಲಾರದೆ ನನ್ನನ್ನು ಕೇಳಿದರು, "ಕ್ಯಾ ಬೋಲೇ?" ಏನಂದರು?

ಇಷ್ಟು ವರ್ಷಗಳ ನೌಕರಿಯಲ್ಲಿ ಮೊದಲ ಸಲ ನನ್ನ ಬಳಿ ತಿರುಗಿಸಲು ಏನೂ ಇರಲಿಲ್ಲ. "ನನಗೆ ಗೊತ್ತಿಲ್ಲ, ಹುಜೂರ್," ಎಂದೆ. ಮಥುರಾ, ಅದು ನನ್ನದೇ ಮಾತಾಗಿತ್ತು. ನೀನು ಕೇಳಿದ್ದು ಇಂಥದ್ದನ್ನೋ ಏನೋ.

ಆಗ ಕಾಶಿರಾಯ ತಲೆ ಎತ್ತಿದ. ಹೊಸ ರುಮಾಲು ಸಡಿಲಾಗಿ ಕಿವಿಯ ಮೇಲೆ ಇಳಿದಿತ್ತು. "ಇಟ್ಟೇನ್ರೀ," ಎಂದ. "ಪೂರಾ ಅಂಗೈ ಇಟ್ಟೇನಿ. ಆವತ್ತೂ ಇಟ್ಟಿದ್ದೆ, ಇವತ್ತೂ ಇಟ್ಟೇನಿ. ಬರಕೋರಿ."

ಹಾಕಿಮರು ಬರೆಸಿದರು. ತಕರಾರು ವಜಾ, ಪರವಾನಗಿ ಕಾಯಂ, ಸುಳ್ಳು ಅರ್ಜಿಯ ಮಾತು ಅಲ್ಲಿಗೇ ಬಿಟ್ಟದ್ದು. ನನ್ನ ಕಡೆ ನೋಡಿ, ಮುಂದಿನ ವರ್ಷದಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಿರಿ ಎಂದರು. ಬಯ್ಗುಳವೆಂದರೆ ಅಷ್ಟೇ. ಜಹಾಂಗೀರ್ ಬಟ್ಟೆ ತೆಗೆದಾಗ ದುಂಡಮ್ಮ ಎದ್ದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಹೋಗಿ, ಬೇವಿನ ಮರದ ಬುಡದಲ್ಲಿ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮೂಗು ಸೀಟಿ, ಬಂಡಿಯವನಿಗೆ ಎತ್ತು ಹೂಡಲು ಕೂಗಿದ ಕೂಗು ಕೋಟೆಯವರೆಗೂ ಮುಟ್ಟಿರಬೇಕು.

ಕಾಶಿರಾಯ ಕಟ್ಟೆಯ ಮೇಲೆ ರುಮಾಲು ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ.

"ಊರಾಗ ಮಂದಿ ನಗ್ಯಾಡಿದ್ರು ರೀ ರಾಯರ. ಗಂಡ ಸತ್ತಾಕಿ ಕೈ ಹಿಡಕೊಂಡು ಕಂಬಳಿ ಹೊತಗೊಂಡು ಕುಂತಿದ್ಯಲ್ಲೋ ಅಂತ ಚಾವಡ್ಯಾಗ ಅಂದ್ರು. ನಾಚಿಕಿ ಬಂತು. ನಾ ಕೊಟ್ಟೇ ಇಲ್ಲ ಅಂದುಬಿಟ್ಟೆ. ದಲಾಲಿ ಅದನ್ನೇ ಹಿಡಕೊಂಡ. ಒಮ್ಮಿ ಇಲ್ಲ ಅಂದಮ್ಯಾಲ ತಿರುಗಿ ಹೌದು ಅನ್ನಾಕ ದಾರಿ ಎಲ್ಲೈತ್ರೀ?"

"ಮತ್ತೆ ಇವತ್ತು ಹೇಗೆ ಅಂದೆ?"

ಅವನು ರುಮಾಲಿನ ತುದಿ ಸಿಕ್ಕಿಸಿದ. "ಆಕಿ ಕೈ ನಡಗಾಕತ್ತಿತ್ರೀ. ಬಾಯಿ ಅಷ್ಟು ಜೋರು, ಕೈ ಮಾತ್ರ ಆಗಷ್ಟ ಹುಟ್ಟಿದ ಕರು ನಡಗಿದಂಗ. ಯಾರಿಗೂ ಕಾಣಂಗಿಲ್ಲ ಅದು. ನನಗೊಬ್ಬನಿಗೇ ತಿಳೀತು. ಹೆಂಗ ಇಲ್ಲ ಅನ್ಲಿ?"

ನಾನು ರಜೆ ಹಾಕಿ ಕಮಲಾಪುರಕ್ಕೆ ಹೋಗಿ ಸಂತೆ ನೋಡಿ ಬಂದೆ. ನಿನ್ನ ಅವ್ವ ಹೋದ ಮೇಲೆ ಆ ದಾರಿ ತುಳಿದಿರಲಿಲ್ಲ. ಹೊಲದ ತುಂಬ ಎತ್ತು, ಕೊಂಬಿಗೆ ಬಣ್ಣ, ಎಲ್ಲ ಕಡೆ ಟವೆಲುಗಳ ಕೆಳಗೆ ಸುಮ್ಮನೆ ಕದಲುವ ಕೈಗಳು. ಕಾಶಿರಾಯ ತನ್ನ ಹೊಲದಲ್ಲಿ ಬಿದ್ದ ಸಗಣಿಯನ್ನು ಕುಳ್ಳಿಗೆಂದು ಬಳಿಯಲು ಬಂದ ಹೆಂಗಸರನ್ನು ಅಟ್ಟುತ್ತ ಓಡಾಡುತ್ತಿದ್ದ, ಭಾರೀ ಸಂತೋಷದಲ್ಲಿದ್ದ. ದುಂಡಮ್ಮ ನನಗೆ ಕೆಂಬಾಳೆಯ ಗೊನೆ ಕೊಟ್ಟಳು. "ನಮ್ಮ ಕೈಯ ರೊಟ್ಟಿ ನಿಮಗ ನಡಿಯಂಗಿಲ್ಲ. ಹಣ್ಣಿಗೇನು, ದೇವರೇ ಸಿಪ್ಪಿ ಹಾಕಿ ಕಳಿಸ್ಯಾನ, ತೊಗೋರಿ," ಎಂದಳು. ಎಲ್ಲರೆದುರಿಗೆ ಅಂದಳು. ನಾನು ಅಲ್ಲೇ ಕೂತು ರೊಟ್ಟಿಯನ್ನೂ ತಿಂದೆ. ಇದನ್ನು ನಿನ್ನ ಅತ್ತೆಯವರಿಗೆ ಓದಿ ಹೇಳಬೇಡ.

ಅರ್ಧ ಗೊನೆಯನ್ನು ಸೊಲ್ಲಾಪುರಕ್ಕೆ ಹೊರಟವರ ಕೈಯಲ್ಲಿ ಕಳಿಸಿದ್ದೇನೆ. ಮನೆಯ ಹಿರಿಯರಿಗೆ ನನ್ನ ನಮಸ್ಕಾರ. ನಿನ್ನ ಮನೆಯಲ್ಲಿ ನಿನ್ನ ಮಾತಿಗೆ ಜಾಗವಿರಲಿ, ಬಸಿರಿನ ದಿನಗಳು ಸುಖವಾಗಿ ತುಂಬಲಿ. ಹೆರಿಗೆಗೆ ಇಲ್ಲಿಗೇ ಬಾ.

ನಿನ್ನ ತಂದೆ
ಮುಕುಂದ

ತಾ.ಕ.: ಕಾಗದ ಮಡಿಸಿದ್ದೆ, ಮತ್ತೆ ಬಿಚ್ಚಿದೆ. ಸಂತೆಯಲ್ಲಿ ದುಂಡಮ್ಮ ಇನ್ನೊಂದು ಮಾತು ಹೇಳಿದಳು. "ನೀವು ಗ್ವಾಡಿ ಆಚಿ ಕುಲಕರ್ಣಿ ಮನೀ ಅಳಿಯರಲ್ಲೇನ್ರೀ? ನಿಮ್ಮ ಪಾರ್ವತೀಬಾಯಿ ಸಣ್ಣಾಕಿದ್ದಾಗ ಗ್ವಾಡಿ ಹತ್ತಿ ಇಳಿದು ಬರ್ತಿದ್ಲು. ನನ್ನ ಸೆರಗಿನ ಕೆಳಗ ಕೈ ತೂರಿಸಿ ದಿನಾ ಒಂದು ಎತ್ತು ಮಾರತಿದ್ಲು. ಬೆರಳಿನ ಮಾತು ಆಕಿಗೆ ನಮ್ಮಷ್ಟೇ ಬರ್ತಿತ್ತು."

ನನಗೆ ಇದು ಗೊತ್ತಿರಲಿಲ್ಲ. ನಿನ್ನ ಅವ್ವ ಯಾವತ್ತೂ ಹೇಳಿರಲಿಲ್ಲ, ಅಥವಾ ನಾನು ಕೇಳುವ ಹಾಗೆ ಹೇಳಿರಲಿಲ್ಲ.

ಆ ದೊಡ್ಡ ಜ್ವರದ ವರ್ಷ ನಿನ್ನನ್ನು ದೂರ ಕಳಿಸಿದ್ದೆವು. ಕೊನೆಯ ದಿನ ನೀನು ಇರಲಿಲ್ಲ. ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದೆ. ಅವಳಿಗೆ ಮಾತು ನಿಂತುಹೋಗಿತ್ತು. ಕೌದಿಯ ಕೆಳಗೆ ಅವಳ ಕೈ ನನ್ನ ಕೈಯನ್ನು ಹುಡುಕಿ ಒಂದು ಬೆರಳು ಒತ್ತಿತು, ಬಿಟ್ಟಿತು. ಇನ್ನೊಂದು ಒತ್ತಿತು, ಬಿಟ್ಟಿತು. ಆಮೇಲೆ ಅಂಗೈಗೆ ಅಂಗೈ ಪೂರಾ ಸೇರಿಸಿತು. ನೀರು ಬೇಕೇನೋ ಎಂದು ಕೊಟ್ಟೆ. ಕುಡಿಯಲಿಲ್ಲ. ಜ್ವರದ ಚಡಪಡಿಕೆ ಎಂದುಕೊಂಡೆ. ಇಷ್ಟು ವರ್ಷ ಹಾಗೆಯೇ ಅಂದುಕೊಂಡಿದ್ದೆ. ಅದು ಚಡಪಡಿಕೆಯಲ್ಲ, ಮಾತು. ಇಷ್ಟು ತಿಳಿದದ್ದೇ ನನಗೆ ಒಂದು ಸಮಾಧಾನ, ನಂಬು.

ಅವಳ ಕೈ ಕೆಳಗಿದ್ದರೆ ಕೇಳಿದ್ದಾಳೆ, ಮುಗಿಯುವವರೆಗೂ ಇರಿ ಎಂದು. ನಾನು ಇದ್ದೆ. ಮೇಲಿದ್ದರೆ ಕೊಟ್ಟಿದ್ದಾಳೆ, ನಿನ್ನನ್ನು, ಈ ಮನೆಯನ್ನು, ತಾನಿಲ್ಲದ ಮುಂದಿನ ದಿನಗಳನ್ನೆಲ್ಲ. ಕೌದಿಯ ತೇಪೆಯ ಬಣ್ಣ ನೆನಪಿದೆ. ಲೋಟ ಇಟ್ಟ ಜಾಗ ನೆನಪಿದೆ. ಇದೊಂದು ನೆನಪಿಲ್ಲ.

ಪಾರ್ವತೀ, ಯಾರ ಕೈ ಮೇಲಿತ್ತು?