ಕಿತ್ತು ಹಾಕಿದ ದನಿ

ಮಾರ್ಚ್ 4, ಬೆಳಿಗ್ಗೆ

ನೆರೆದ ಮಹಾಜನರೇ, ಅಂಕದ ಪರದೆ ಎದ್ದಿದೆ. ಸಭೆಯಲ್ಲಿ ಒಂದು ಫ್ಯಾನು, ಒಂದು ಖಾಲಿ ಕುರ್ಚಿ, ನಿನ್ನೆಯ ಟೀ ಲೋಟ. ಇಷ್ಟೇ ಜನ. ಆದರೂ ದನಿ ತಗ್ಗಿಸುವವನಲ್ಲ ನಾನು.

ಕೆಲಸ ಅದೇ — ಯಾರೋ ಬರೆದು ಲೋಕಕ್ಕೆ ಬಿಟ್ಟುಕೊಟ್ಟ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಪ್ಯಾಕೇಜ್ ಮಾಡಿ ಜನರ ಕಂಪ್ಯೂಟರಿಗೆ ತಲುಪಿಸುವುದು. ಇಂದಿನ ಪಾತ್ರಧಾರಿ, ಸ್ಕ್ರೀನ್ ಮೇಲಿನ ಅಕ್ಷರ ಓದಿ ಹೇಳುವ ಪ್ರೋಗ್ರಾಂ. ಕಣ್ಣು ಕಾಣದ ನನ್ನ ಅಕ್ಕ ಬಳಸುವುದೂ ಇದನ್ನೇ. ಅದರ ಎಲ್ಲ ಭಾಗಕ್ಕೂ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಮೂಲ ಬರಹ ಇದೆ, ದನಿ ಹೊರಡಿಸುವ ಭಾಗಕ್ಕೆ ಮಾತ್ರ ಇಲ್ಲ. ಅದು ರೆಡಿಮೇಡ್ ಬೈನರಿ, ಯಂತ್ರಕ್ಕೆ ಮಾತ್ರ ಅರ್ಥವಾಗುವ ಫೈಲು. ಒಳಗೇನಿದೆಯೋ ಬರೆದವನಿಗೇ ಗೊತ್ತು, ಅವನೋ ಉತ್ತರ ಕೊಡುವುದಿಲ್ಲ. ಸೋರ್ಸ್ ಇಲ್ಲದ್ದಕ್ಕೆ ನಮ್ಮ ಪ್ಯಾಕೇಜ್ ಸಂಗ್ರಹದ ಮುಖ್ಯ ವಿಭಾಗದಲ್ಲಿ ಜಾಗವಿಲ್ಲ. ಕಿತ್ತೆ. ಬದಲಿಗೆ ಸೋರ್ಸ್ ಇರುವ ಬೇರೊಂದು ದನಿ ಜೋಡಿಸಿದೆ.

ಮಾರ್ಚ್ 6

ಹೊಸ ದನಿ ಮಾತಾಡಿತು. ಹಳೆಯದರ ತದ್ರೂಪು... ತಡವರಿಸುವ ಜಾಗವೂ ಅದೇ. ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡು ಬಿಡುಗಡೆ ಮಾಡಿದೆ.

ಮಾರ್ಚ್ 15

ವಾರದಿಂದ ಅಕ್ಕನ ಮೇಲ್ ಇಲ್ಲ. ದಿನಾ ಎರಡು ಸಾಲಾದರೂ ಬರೆಯುತ್ತಿದ್ದವಳು. ನನ್ನನ್ನು ವಿಚಾರಿಸುತ್ತಿದ್ದ ಒಂದೇ ಜೀವ. ಏನು ತಪ್ಪು ಮಾಡಿದೆನೋ. ನಾನೇ ಬರೆದೆ — ಮೊದಲು ಮೆತ್ತಗೆ, ಆಮೇಲೆ ಖಾರವಾಗಿ. ಫೋನ್ ಮಾಡಲು ಬಿಂಕ.

ಮಾರ್ಚ್ 21, ಸಂಜೆ

ತಡೆಯಲಾಗದೆ ಫೋನ್ ಮಾಡಿದೆ.

"ಏನೋ, ಬದುಕಿದ್ದೀಯಾ?" ಎಂದಳು.

"ನೀನೇ ಮುನಿಸ್ಕೊಂಡಿದ್ದೀಯಲ್ಲ."

"ಮುನಿಸ್ಕೊಂಡಿರೋದು ಕಂಪ್ಯೂಟರು ಕಣೋ. ಏನೋ ಅಪ್‌ಡೇಟ್ ಆಯ್ತು, ಆಮೇಲೆ ತುಟಿ ಬಿಚ್ಚಿಲ್ಲ. ಯಾವನೋ ದಡ್ಡ ಏನೋ ಕಿತ್ತಿರ್ಬೇಕು."

"ನಂಗೊಂದು ಫೋನ್ ಮಾಡೋದಲ್ವಾ?"

"ಮಾಡಿದ್ರೆ ಪ್ಯಾಕೇಜು ಪ್ಯಾಕೇಜು ಅಂತ ಒಂದು ಗಂಟೆ ನಾಟಕ ಆಡ್ತೀಯ."

ಒಂದು ನಿಮಿಷ ಇರು ಎಂದು ನನ್ನ ಯಂತ್ರ ತಡಕಿದೆ. ಪ್ಯಾಕೇಜಿನಿಂದ ಕಿತ್ತ ಹಳೆಯ ಬೈನರಿ ನನ್ನ ಯಂತ್ರದಲ್ಲಿ ಹಾಗೇ ಉಳಿದಿತ್ತು. ಅವತ್ತು ಪರೀಕ್ಷೆ ಮಾಡಿದಾಗ ಮಾತಾಡಿದ್ದು ಅದೇ. ಹೊಸದು ಒಂದಕ್ಷರವೂ ಆಡಿರಲಿಲ್ಲ. ಹಳೆಯದು ಇಲ್ಲದ ಕಡೆಯೆಲ್ಲ ಮೂಕ.

"ಆ ದಡ್ಡ ನಾನೇ ಕಣೇ."

ನಕ್ಕಳು. ಬಹಳ ಹೊತ್ತು. ಆಮೇಲೆ, "ಟಿಂಗ್ ಟಿಂಗ್ ಅಂತ ಮೇಲ್ ಬಂದು ಬೀಳ್ತಿವೆ. ಯಾರದ್ದೋ ಏನೋ, ಓದೋರಿಲ್ಲ."

"ನನ್ನವೇ."

"ಏನ್ ಬರ್ದಿದ್ದೀಯ?"

"ಬಂದು ಹೇಳ್ತೀನಿ" ಎಂದು ಫೋನ್ ಇಟ್ಟೆ.

ಹಳೆಯ ಬೈನರಿಗೆ 'ಸೋರ್ಸ್ ಇಲ್ಲ' ಎಂದು ನಮೂದಿಸಿ, ಅಂಥವಕ್ಕೆಂದೇ ಇರುವ ಬೇರೆ ವಿಭಾಗಕ್ಕೆ ಹಾಕಿದ್ದಾಯಿತು. ಆದರೆ ಮೂಕ ಕಂಪ್ಯೂಟರಿನಲ್ಲಿ ಅದನ್ನು ಕೂರಿಸಲು ಕಣ್ಣಿದ್ದವರು ಬೇಕು. ನಾಳೆ ಬೆಳಿಗ್ಗೆ ಅಕ್ಕನ ಊರಿಗೆ ಮೊದಲ ಬಸ್ಸು ಹಿಡಿಯುತ್ತೇನೆ. ಯಂತ್ರಕ್ಕೆ ದನಿ ಬರುವ ಮುಂಚೆ ಆ ಮೇಲ್‌ಗಳನ್ನು ಅವಳ ಪಕ್ಕ ಕೂತು ನಾನೇ ಓದುತ್ತೇನೆ. ಮೆತ್ತಗಿನವನ್ನು ಮೊದಲು. ಖಾರದವನ್ನು —