ಲಾಂಡ್ರಿ ಕೋಣೆಯ ಸಮಿತಿ

ಭಾನುವಾರ, ಜುಲೈ ೧೪

ನನ್ನ ಮುದ್ದು ಚಿನ್ನೂಗೆ,

ಅಮ್ಮನ ಪ್ರೀತಿಯ ಮುತ್ತುಗಳು. ನಿನ್ನ ಹಿಂದಿನ ಕಾಗದಕ್ಕೂ ಉತ್ತರ ಬರೆಯಲಿಲ್ಲ, ಮೊನ್ನೆಯದಕ್ಕೂ ಬರೆಯಲಿಲ್ಲ. ನಿನಗೆ ಸಿಟ್ಟು ಬಂದಿರುತ್ತೆ, ಬರಲಿ. ಫೋನಿನಲ್ಲಿ ಹೇಳೋಣ ಅಂದರೆ ನಡುನಡುವೆ ನಿಮ್ಮಪ್ಪ ಬಾಯಿ ಹಾಕುತ್ತಾರೆ, ಮಾತು ಎಲ್ಲಿಗೋ ಹೋಗಿ ಎಲ್ಲೋ ನಿಲ್ಲುತ್ತೆ. ಇವತ್ತು ಅವರು ಕ್ಷೌರದಂಗಡಿಗೆ ಹೋಗಿದ್ದಾರೆ. ತಲೆಯಲ್ಲಿರುವ ನಾಲ್ಕು ಕೂದಲಿಗೆ ಅವರಿಗೆ ಅರ್ಧ ದಿನ ಬೇಕು. ಹಾಗಾಗಿ ಬಾಗಿಲು ಹಾಕಿಕೊಂಡು ಬರೆಯೋಕೆ ಕೂತಿದ್ದೇನೆ.

ಸುದ್ದಿ ಏನೆಂದರೆ, ನಮ್ಮ ಆರೈಕೆ ಮನೆಯ ನೌಕರರ ಸುರಕ್ಷತಾ ಸಮಿತಿಗೆ ನಿನ್ನಮ್ಮನೇ ಅಧ್ಯಕ್ಷೆ. ನಗಬೇಡ. ನನಗೂ ಮೊದಲು ನಗುವೇ ಬಂದಿತ್ತು.

ಇದೆಲ್ಲ ಶುರುವಾದದ್ದು ಗುಬ್ಬಿಯಿಂದ. ನಮ್ಮ ಆಯಾ ಹುಡುಗಿ, ನೀನು ಬಂದಾಗ ನಿನ್ನ ಜಡೆ ಹಿಡಿದು ನೋಡಿ "ಸಿಸ್ಟರ್, ಇದು ನಿಜವಾದ ಕೂದಲಾ?" ಅಂತ ಕೇಳಿದ್ದಳಲ್ಲ, ಅವಳೇ. ಲಾರಿ ತಾತನನ್ನು ಮಂಚದಿಂದ ಗಾಲಿಕುರ್ಚಿಗೆ ಕೂರಿಸುತ್ತಿದ್ದಳು. ಆ ತಾತ ವಯಸ್ಸಿನಲ್ಲಿ ಲಾರಿ ಓಡಿಸಿದವರು. ಈಗ ಕಾಲಲ್ಲಿ ಬಲವಿಲ್ಲ, ಆದರೆ ಮೈ ಮಾತ್ರ ಇನ್ನೂ ಲಾರಿಯೇ. ಇಬ್ಬರು ಹಿಡಿಯಬೇಕಾದ ಜಾಗದಲ್ಲಿ ಗುಬ್ಬಿ ಒಬ್ಬಳೇ ಇದ್ದಳು, ಜೊತೆಯವಳನ್ನು ಮೇಲಿನ ಮಹಡಿಗೆ ಕಳಿಸಿದ್ದರು. ತಾತನ ಮಂಡಿ ಕುಸಿಯಿತು. ಇವಳು ಕೈ ಬಿಟ್ಟಿದ್ದರೆ ಅವರ ಸೊಂಟ ಮುರಿಯುತ್ತಿತ್ತು. ಬಿಡಲಿಲ್ಲ, ಅಷ್ಟೂ ಭಾರವನ್ನು ತನ್ನ ಮೇಲೆ ಹಾಕಿಕೊಂಡು ಕೂತುಬಿಟ್ಟಳು. ತಾತನಿಗೆ ಒಂದು ಗೀರೂ ಆಗಲಿಲ್ಲ. ಗುಬ್ಬಿಗೆ ಏಳೋಕೆ ಆಗಲಿಲ್ಲ. "ಬೆನ್ನಿಂದ ಕಾಲಿನವರೆಗೆ ಬೆಂಕಿ ಹರೀತಿದೆ ಸಿಸ್ಟರ್" ಅಂತ ನನ್ನ ಸೆರಗು ಹಿಡಿದುಕೊಂಡು ಅತ್ತಳು.

ಮ್ಯಾನೇಜರ್ ಸಾಹೇಬರು ಬಂದು ನೋಡಿ, "ಅವಸರ ಮಾಡಿದ್ದಾಳೆ. ಎಲ್ಲರೂ ಹುಷಾರಾಗಿರಬೇಕು" ಅಂದರು. ಆ ವಾರವೇ ಗೋಡೆಗೆ "ಎಚ್ಚರವಾಗಿರಿ" ಅನ್ನುವ ಬೋರ್ಡು ಬಂತು, ಹೆಸರಿಗೆ ಒಂದು ಸಮಿತಿಯೂ ಬಂತು. ನನ್ನನ್ನು ಕರೆದು, "ನೀವು ಹಿರಿಯರು, ಗಲಾಟೆ ಮಾಡೋರಲ್ಲ. ನೀವೇ ಅಧ್ಯಕ್ಷೆಯಾಗಿರಿ" ಅಂದರು. ಆಗಲಿ ಅಂದೆ. ನಾನು ಗಲಾಟೆ ಮಾಡೋದಿಲ್ಲ ಅಂತ ಅವರಿಗೆ ಯಾರು ಹೇಳಿದರೋ! ನಿಮ್ಮಪ್ಪನನ್ನು ಕೇಳಿದ್ದರೆ ಸಾಕಿತ್ತು.

ಮೊದಲ ಸಭೆ ಸಾಹೇಬರ ಕೋಣೆಯಲ್ಲೇ ನಡೆಯಿತು. ಹೊಳೆಯುವ ಮೇಜು, ತಟ್ಟೆ ತುಂಬ ಬಿಸ್ಕತ್ತು. "ಯಾರಿಗಾದರೂ ಏನಾದರೂ ತೊಂದರೆ ಇದೆಯಾ?" ಅಂತ ಅವರು ಕೇಳಿದರು. "ಎಲ್ಲ ಚೆನ್ನಾಗಿದೆ ಸರ್" ಅಂತ ಎಲ್ಲರೂ ಒಂದೇ ಬಾಯಲ್ಲಿ ಅಂದರು. ಅಡುಗೆಯವರನ್ನೂ ಬಟ್ಟೆ ಒಗೆಯುವವರನ್ನೂ ಕರೆದೇ ಇರಲಿಲ್ಲ. ಗುಬ್ಬಿ ಮನೆಯಲ್ಲಿ ಮಗ್ಗುಲು ತಿರುಗಲಾರದೆ ಮಲಗಿದ್ದಾಳೆ, ನಾವಿಲ್ಲಿ ಎಲ್ಲ ಚೆನ್ನಾಗಿದೆ ಅಂತ ಬಿಸ್ಕತ್ತು ತಿನ್ನುತ್ತಿದ್ದೇವೆ. ನನ್ನ ಕೈಲಿದ್ದದ್ದನ್ನು ತಟ್ಟೆಗೇ ವಾಪಸ್ ಇಟ್ಟೆ ಚಿನ್ನು.

ಹೊರಗೆ ಬಂದವಳು ಮತ್ತೆ ಒಳಗೆ ಹೋಗಿ ಸಾಹೇಬರಿಗೆ ಹೇಳಿದೆ: "ಮುಂದಿನ ಸಭೆ ಲಾಂಡ್ರಿ ಕೋಣೆಯಲ್ಲಿ, ಪಾಳಿ ಬದಲಾಗೋ ಹೊತ್ತಿಗೆ. ಹೋಗೋರೂ ಇರ್ತಾರೆ, ಬರೋರೂ ಇರ್ತಾರೆ. ನೀವು ಮಾತ್ರ ಬರಬೇಡಿ ಸರ್. ನಿಮ್ಮನ್ನ ನೋಡಿದರೆ ಅವರ ಬಾಯಿಗೆ ಬೀಗ ಬೀಳುತ್ತೆ. ಅಲ್ಲಿ ಏನು ಬೇಕು ಅಂತ ತೀರ್ಮಾನವಾಗುತ್ತೋ ಅದನ್ನ ನಾನೇ ಬಂದು ಹೇಳ್ತೀನಿ." ಅವರು ಮುಖ ಹುಳಿ ಮಾಡಿಕೊಂಡರು, ಆದರೆ ಬೇಡ ಅನ್ನಲಿಲ್ಲ.

ಲಾಂಡ್ರಿಯಲ್ಲಿ ಕೂರೋಕೆ ಜಾಗವಿಲ್ಲ. ಕೆಲವರು ಬಟ್ಟೆಗಂಟಿನ ಮೇಲೆ ಕೂತರು, ಕೆಲವರು ಗೋಡೆಗೆ ಒರಗಿದರು. ನಾನು ಹೇಳಿದೆ: "ಇಲ್ಲಿ ಯಾರ ತಪ್ಪು ಅಂತ ಕೇಳೋದಿಲ್ಲ. ಈ ವಾರ ಕೆಲಸ ಮಾಡುವಾಗ ಯಾವಾಗ ಎದೆ ಧಸಕ್ ಅಂತು, ಅದನ್ನ ಹೇಳಿ ಸಾಕು."

ಮೊದಲು ಅಡುಗೆಯಾಕೆ, ಅಡುಗೆಮನೆ ಮೆಟ್ಟಿಲ ಮೇಲೆ ಯಾವಾಗಲೂ ನೀರು ನಿಲ್ಲುತ್ತೆ, ಬಿಸಿ ಪಾತ್ರೆ ಹಿಡಿದು ಎರಡು ಸಲ ಜಾರಿದೆ ಅಂದಳು. ಕೊನೆಗೆ ಲಾಂಡ್ರಿಯ ದೊಡ್ಡಣ್ಣ ಬೆರಳು ಎತ್ತಿ ತೋರಿಸಿದ. ಬಟ್ಟೆ ಸುತ್ತಿಕೊಂಡಿದ್ದ. "ಹಾಸಿಗೆ ಬಟ್ಟೆ ಒಳಗೆ ಇಂಜೆಕ್ಷನ್ ಸೂಜಿ ಇತ್ತು ಸಿಸ್ಟರ್. ಇದು ಮೊದಲನೇ ಸಲ ಅಲ್ಲ."

ನನ್ನ ನರ್ಸುಗಳು ನೆಲ ನೋಡಿದರು. "ನಮ್ಮ ಹುಡುಗೀರು ಹಾಗೆಲ್ಲ ಮಾಡಲ್ಲ" ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು, ಕಷ್ಟಪಟ್ಟು ನುಂಗಿದೆ. "ಸೂಜಿ ಹಾಕೋ ಡಬ್ಬ ಎಲ್ಲಿರುತ್ತೆ?" ಅಂತ ಮಾತ್ರ ಕೇಳಿದೆ. ಒಬ್ಬಳು ಮೆಲ್ಲಗೆ, "ಕಾರಿಡಾರಿನ ಆ ತುದೀಲಿ ಸಿಸ್ಟರ್. ಇಂಜೆಕ್ಷನ್ ಕೊಡ್ತಿರುವಾಗ ಪಕ್ಕದ ಮಂಚದಿಂದ ಯಾರಾದರೂ ಬೀಳೋ ಹಾಗಾದರೆ ಓಡ್ತೀವಿ. ಸೂಜಿ ಅಲ್ಲೇ ಉಳಿಯುತ್ತೆ" ಅಂದಳು. ಮರುದಿನವೇ ಪ್ರತಿ ಟ್ರಾಲಿಗೂ ಒಂದು ಡಬ್ಬ ಕಟ್ಟಿಸಿದೆ. ದೊಡ್ಡಣ್ಣನನ್ನು ರಕ್ತಪರೀಕ್ಷೆಗೆ ಕಳಿಸಿದೆ. ದೇವರು ದೊಡ್ಡವನು, ಈಗ ಎಲ್ಲ ಪರೀಕ್ಷೆಯೂ ಮುಗಿದು ಅವನಿಗೆ ಏನೂ ಇಲ್ಲ ಅಂತ ಗೊತ್ತಾಗಿದೆ.

ಆದರೆ ರಕ್ತಪರೀಕ್ಷೆ ಅಂದ ಮೇಲೆ ವಿಷಯ ಸಾಹೇಬರ ಕಿವಿಗೆ ಬೀಳದೆ ಇರುತ್ತಾ? ದೊಡ್ಡಣ್ಣನನ್ನು ಕರೆಸಿ, ಸಂಸ್ಥೆ ಹೆಸರು ಕೆಡಿಸ್ತೀಯಾ ಅಂತ ಬೈದು, ಲಾಂಡ್ರಿಯಿಂದ ತೆಗೆದು ಗೇಟು ಕಾಯೋಕೆ ಹಾಕಿದರು. ಅದು ನನಗೆ ಗೊತ್ತಾದದ್ದು ಮುಂದಿನ ಸಭೆಯಲ್ಲಿ, ಅವನೆಲ್ಲಿ ಅಂತ ವಿಚಾರಿಸಿದಾಗ. ಹೋದ ಸಲದ ಪ್ರಶ್ನೆಯನ್ನೇ ಮತ್ತೆ ಕೇಳಿದೆ. "ಎಲ್ಲ ಚೆನ್ನಾಗಿದೆ ಸಿಸ್ಟರ್" ಅಂದಳು ಅಡುಗೆಯಾಕೆ, ಸಾಹೇಬರ ಕೋಣೆಯಲ್ಲಿ ಕೇಳಿದ್ದೆನಲ್ಲ, ಅದೇ ದನಿಯಲ್ಲಿ. ಅವಳ ಮೊಣಕೈ ಮೇಲೆ ಹೊಸ ಸುಟ್ಟ ಗಾಯ ಇತ್ತು.

ಸಭೆಯನ್ನು ಅಲ್ಲಿಗೇ ನಿಲ್ಲಿಸಿ ಸೀದಾ ಸಾಹೇಬರ ಹತ್ತಿರ ಹೋದೆ.

"ದೊಡ್ಡಣ್ಣನ್ನ ಲಾಂಡ್ರಿಗೆ ವಾಪಸ್ ಕಳಿಸಿ ಸರ್."

"ಸಿಸ್ಟರ್, ನಿಮಗೆ ಗೊತ್ತಾಗಲ್ಲ. ನಾಳೆ ಟ್ರಸ್ಟಿನವರು ಬಂದು ಇಲ್ಲಿ ಸೂಜಿ ಚುಚ್ಚುತ್ತಂತೆ ಅಂದರೆ ನಾನು ಏನು ಹೇಳಲಿ?"

"ಚುಚ್ಚಿತ್ತು, ಇನ್ನು ಚುಚ್ಚದ ಹಾಗೆ ಮಾಡಿದ್ದೀವಿ ಅನ್ನಿ. ಅವನು ಬಾಯಿ ಮುಚ್ಚಿಕೊಂಡಿದ್ದರೆ ಸೂಜಿ ಏನು ಚುಚ್ಚೋದು ಬಿಡ್ತಿತ್ತಾ? ಬೈಯೋದಾದರೆ ನನ್ನನ್ನ ಬೈಯಿರಿ, ಅಧ್ಯಕ್ಷೆ ನಾನು. ಗೇಟಿಗೆ ಹಾಕೋದಾದರೂ ನನ್ನನ್ನೇ ಹಾಕಿ."

ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಕೆಟ್ಟ ಮನುಷ್ಯ ಅಲ್ಲ ಚಿನ್ನು, ಹೆದರಿದ ಮನುಷ್ಯ. "ಈಗ ಏನು ಮಾಡಬೇಕು ಅಂತೀರಿ?" ಅಂದರು. "ಬನ್ನಿ, ಎಲ್ಲರೂ ಇನ್ನೂ ಅಲ್ಲೇ ಇದ್ದಾರೆ. ಹೇಳಿದವರಿಗೆ ಏನೂ ಆಗಲ್ಲ ಅಂತ ನಿಮ್ಮ ಬಾಯಲ್ಲೇ ಹೇಳಿ" ಅಂದೆ.

ಬಂದರು. ಒದ್ದೆ ಬಟ್ಟೆಗಳ ನಡುವೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಾಗದೆ ತಡವರಿಸಿದರು. ಗೇಟಿನಿಂದ ಬಂದ ದೊಡ್ಡಣ್ಣನಿಗೆ ಎಲ್ಲರೆದುರೇ, "ನಾಳೆಯಿಂದ ಇಲ್ಲಿಗೇ ಬಾರಪ್ಪ. ನಾನು ಹಾಗೆ ಮಾಡಬಾರದಿತ್ತು" ಅಂದರು. ಹೇಳಿ ಮುಗಿಯುವುದೇ ತಡ, ಅಡುಗೆಯಾಕೆ ತೋಳು ಮುಂದೆ ಚಾಚಿ, "ಹಾಗಾದರೆ ಇದನ್ನ ನೋಡಿ ಸರ್" ಅಂದಳು. ಮೆಟ್ಟಿಲಿಗೆ ಒರಟು ಕಲ್ಲು ಬಂತು. ಬಾಯಿ ಬಿಡೋಕೆ ಶುರು ಮಾಡಿದವರು ನಿಲ್ಲಿಸಲೇ ಇಲ್ಲ.

ಆಯಾಗಳು ಎತ್ತಿದ ಮಾತೇ ಕ್ರೇನಿನದು. ಮಂಚದಿಂದ ಜನರನ್ನು ಎತ್ತುವ ಯಂತ್ರ ಒಂದಿದೆ, ಯಾರೋ ದಾನ ಕೊಟ್ಟದ್ದು. ಬಟ್ಟೆ ಹೊದಿಸಿ ಉಗ್ರಾಣದಲ್ಲಿಟ್ಟಿದ್ದರು. ನಾನು ಕೇಳಿದ್ದಕ್ಕೆ ಸಾಹೇಬರು, "ಕೆಟ್ಟುಹೋದರೆ ರಿಪೇರಿ ಮಾಡಿಸೋರು ಯಾರು?" ಅಂದರು. "ಗುಬ್ಬಿ ಬೆನ್ನನ್ನ ಯಾರು ರಿಪೇರಿ ಮಾಡಿಸ್ತಾರೆ ಸರ್?" ಅಂದೆ. ಉಗ್ರಾಣದ ಬೀಗದ ಕೈ ತೆಗೆದುಕೊಟ್ಟರು. ಯಂತ್ರದ ಕಂಪನಿಯವನು ಬಂದು ಎಲ್ಲ ಪಾಳಿಯವರಿಗೂ ಕಲಿಸಿದ. ಇನ್ನು ಮೇಲೆ ಒಬ್ಬರೇ ಯಾರನ್ನೂ ಎತ್ತಕೂಡದು, ಜೊತೆಯವರು ಬರುವ ತನಕ ಕಾಯಬೇಕು, ಕಾದದ್ದಕ್ಕೆ ಯಾರೂ ಬೈಯಕೂಡದು ಅಂತ ತೀರ್ಮಾನವಾಯಿತು.

ಅಷ್ಟೆಲ್ಲ ಆದ ಮೇಲೆ ಲಾರಿ ತಾತ ಹಟ ಹಿಡಿದರು. "ನಾನೇನು ಸಿಮೆಂಟ್ ಮೂಟೇನಾ? ಮುಟ್ಟಬೇಡಿ!" ಅವರ ಮುಂದೆ ನಾನೇ ಆ ಯಂತ್ರದ ಬಟ್ಟೆ ಜೋಳಿಗೆಯಲ್ಲಿ ಕೂತೆ, ಹುಡುಗಿಯರು ಗುಂಡಿ ಒತ್ತಿದರು. ನಿನ್ನಮ್ಮ ಗಾಳಿಯಲ್ಲಿ ಕಾಲು ಆಡಿಸಿಕೊಂಡು ನೇತಾಡುವುದನ್ನು ನೀನು ನೋಡಬೇಕಿತ್ತು. ವಾರ್ಡಿಗೆ ವಾರ್ಡೇ ನಕ್ಕಿತು. ತಾತನೂ ನಕ್ಕರು. ಆಮೇಲೆ ಯಂತ್ರವನ್ನು ಮೇಲಿಂದ ಕೆಳಗೆ ನೋಡಿ, "ಬ್ರೇಕ್ ಸರಿಯಾಗಿದೆಯಾ?" ಅಂತ ಕೇಳಿದರು. ಕುರ್ಚಿಗೆ ಇಳಿದ ಮೇಲೆ, "ಈ ಗಾಡಿ ಮೊದಲೇ ಹೊರಗೆ ಬಂದಿದ್ದರೆ ಆ ಹುಡುಗಿ ಇವತ್ತು ಇಲ್ಲೇ ಇರ್ತಿದ್ದಳು" ಅಂದರು.

ಗುಬ್ಬಿಯನ್ನು ನೋಡೋಕೆ ಹೋಗಿದ್ದೆ. ಈಗ ನಡೆಯುತ್ತಾಳೆ. ವಾಪಸ್ ಬಾ, ಭಾರದ ಕೆಲಸ ಕೊಡೋದಿಲ್ಲ ಅಂದೆ. "ಬೇಡ ಸಿಸ್ಟರ್, ಆ ಕೋಣೆ ಬಾಗಿಲು ದಾಟೋಕೆ ಇನ್ನು ನನ್ನಿಂದ ಆಗಲ್ಲ" ಅಂದಳು. ಬಟ್ಟೆಯಂಗಡಿಯಲ್ಲಿ ಕೆಲಸ ನೋಡಿಕೊಂಡಿದ್ದಾಳೆ. ಬಲವಂತ ಮಾಡಲಿಲ್ಲ. ಅವಳನ್ನು ಕಳೆದುಕೊಂಡೆವು, ಅದು ನಿಜ. ಇನ್ನೊಬ್ಬಳನ್ನು ಮಾತ್ರ ಹಾಗೆ ಕಳೆದುಕೊಳ್ಳೋದಿಲ್ಲ. ಬರುವ ವಾರ ಸ್ನಾನದ ಕೋಣೆಯ ಹಿಡಿಕೆಗಳ ವಿಷಯ ಇದೆ, ಸಾಹೇಬರು ಈಗಾಗಲೇ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದಾರೆ. ಎಷ್ಟು ದಿನ ಬದಲಿಸುತ್ತಾರೆ? ಇರೋದು ಒಂದೇ ಕಾರಿಡಾರು.

ನಿಮ್ಮಪ್ಪ ಬಂದ ಸದ್ದಾಯಿತು, ಇಲ್ಲಿಗೆ ನಿಲ್ಲಿಸುತ್ತೇನೆ. ಅಳಿಯಂದಿರಿಗೆ ನನ್ನ ಆಶೀರ್ವಾದ ಹೇಳು. ಕಂದನ ಎರಡೂ ಅಂಗಾಲಿಗೆ ಅಜ್ಜಿಯ ಮುತ್ತು. ಮೂವರೂ ನೂರು ಕಾಲ ತಣ್ಣಗಿರಿ. ಹೊತ್ತು ಹೊತ್ತಿಗೆ ಊಟ ಮಾಡು, ಮಗು ಮಲಗಿದಾಗ ನೀನೂ ಮಲಗು.

ಇಂತಿ ನಿನ್ನ,
ಅಮ್ಮ

ಮರೆತಿದ್ದೆ: ಮರೆತಿರಲಿಲ್ಲ, ಬರೆಯೋಕೆ ಧೈರ್ಯ ಬಂದಿರಲಿಲ್ಲ. ಹೋದ ವಾರ ನನ್ನ ಬೆನ್ನಿನ ಎಕ್ಸ್‌ರೇ ತೆಗೆಸಿದರು. ಇಷ್ಟು ವರ್ಷ ಎತ್ತಿ ಇಳಿಸಿ, ಎರಡು ಮೂಳೆಗಳ ನಡುವೆ ಏನೂ ಉಳಿದಿಲ್ಲವಂತೆ. ಇನ್ನು ಮೇಲೆ ತುಂಬಿದ ಬಿಂದಿಗೆಯನ್ನೂ ಎತ್ತಬೇಡಿ ಅಂದಿದ್ದಾರೆ ಡಾಕ್ಟರು. ಮುಂದಿನ ತಿಂಗಳು ಮಗುವನ್ನು ಕರೆದುಕೊಂಡು ಬರುತ್ತೀಯಲ್ಲ, ಬಾಗಿಲಲ್ಲೇ ನನ್ನ ಕೈಗೆ ಕೊಡಬೇಡ ಚಿನ್ನು. ಅವನು ಕೈ ಚಾಚಿದರೂ ಕೊಡಬೇಡ. ಮೊದಲು ನಾನು ಕೂರುತ್ತೇನೆ, ಆಮೇಲೆ ಮಡಿಲಿಗೆ ಹಾಕು.